ಅಂಗಡಿ ಕೆಲಸದ ಯೂನಿಫಾರ್ಮ್ ಮೈಗೆ ಆಗಿಬರುತ್ತಿಲ್ಲವೇ? ಬದಲಾಯಿಸಿಕೊಳ್ಳುವುದು ಹೀಗೆ

"ಅಕ್ಕಾರ, ಅಂಗಡ್ಯಾಗ ಕೊಟ್ಟ ಯೂನಿಫಾರ್ಮ್ ಹಾಕ್ಕೊಂಡು ನಿಂದ್ರಾಕ ಆಗವಲ್ದ್ರಿ, ಏನ್ ಮಾಡ್ಲಿ?"

ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್ ಕಡೆಯಿಂದ ಬರುತ್ತದೆ, ಬಾಗಲಕೋಟೆ ನವನಗರದಿಂದ ಬರುತ್ತದೆ. ಮಳೆಗಾಲದಲ್ಲಿ ಬೆಳಗಾವಿಯ ಖಡೇಬಜಾರ್, ಗಣಪತಿ ಗಲ್ಲಿಯವರು ಇದನ್ನೇ ಬೇರೆ ರೀತಿ ಕೇಳುತ್ತಾರೆ: "ಇರೋದು ಒಂದೇ ಜೋಡಿ, ಒಣಗೋದೇ ಇಲ್ಲ." ನಾನು ವಿಜಯಪುರದಲ್ಲಿ ಒಂಬತ್ತು ವರ್ಷ ಸೀರೆ ಕೌಂಟರಿನಲ್ಲಿ ನಿಂತವಳು. ಈಗ ಬೆಳಗಾವಿಯ ಶಹಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ, ಅಂಗಡಿಗಳ ಯೂನಿಫಾರ್ಮ್ ಆರ್ಡರ್ ತೆಗೆದುಕೊಳ್ಳುತ್ತೇನೆ. ಹಾಗಾಗಿ ತೊಡುವವರ ಕಷ್ಟವೂ ಗೊತ್ತು, ಹೊಲಿಸುವ ಮಾಲಕರ ಲೆಕ್ಕವೂ ಗೊತ್ತು.

ಈ ಎರಡನ್ನೂ ನೋಡಿದ ಮೇಲೆ ನನಗೆ ಖಾತ್ರಿಯಾದದ್ದು ಇದು: "ತ್ರಾಸ ಆಗ್ತದ್ರಿ" ಅಂತ ಹೇಳಿದರೆ ಯೂನಿಫಾರ್ಮ್ ಬದಲಾಗುವುದು ಅಪರೂಪ. ಯಾವ ಬಟ್ಟೆ ಬೇಕು, ಎಲ್ಲಿ ಹೊಲಿಗೆ ಬದಲಾಗಬೇಕು, ಖರ್ಚು ಎಷ್ಟು ಅಂತ ಕೈಯಲ್ಲಿ ಹಿಡಿದು ತೋರಿಸಿದರೆ ಬಹಳ ಕಡೆ ಬದಲಾಗುತ್ತದೆ. ಅದಕ್ಕೆ ಏನೇನು ಮಾಡಬೇಕು ಎಂದು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಇವಿಷ್ಟು ಜೋಡಿಸಿಕೊಳ್ಳಿ

ಒಂದು ಸಣ್ಣ ನೋಟ್‌ಬುಕ್. ನಿಮ್ಮ ನೇಮಕಾತಿ ಪತ್ರ ಇದ್ದರೆ ಅದು. ಕಳೆದ ಮೂರು ತಿಂಗಳ ಪಗಾರ ಚೀಟಿ, ಅಥವಾ ಪಗಾರ ಜಮೆಯಾದ ಬ್ಯಾಂಕ್ ಮೆಸೇಜು. ಯೂನಿಫಾರ್ಮಿನ ಒಳಮಡಿಕೆಯಿಂದ ಬಿಚ್ಚಿದ ನಾಲ್ಕು ಎಳೆ ನೂಲು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಜತೆ ನಿಲ್ಲುವ ಇಬ್ಬರು ಮೂವರು ಸಂಗಡಿಗರು. ಒಬ್ಬರೇ ಹೋಗುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಯಾಕೆ ಅಂತ 7ನೇ ಹಂತದಲ್ಲಿ ಹೇಳುತ್ತೇನೆ.

1. ಏಳು ದಿನ ಬರೆದಿಡಿ

ದಿನಾ ರಾತ್ರಿ ಮನೆಗೆ ಬಂದ ಮೇಲೆ ಎರಡೇ ಸಾಲು ಬರೆಯಿರಿ. ಯಾವ ಹೊತ್ತಿಗೆ, ಯಾವ ಕೆಲಸ ಮಾಡುವಾಗ, ಬಟ್ಟೆಯ ಯಾವ ಜಾಗ ಅಡ್ಡಿ ಮಾಡಿತು?

"ಬಹಳ ಸೆಕೆ" ಅಂತ ಬರೆದರೆ ಅದರಿಂದ ಉಪಯೋಗವಿಲ್ಲ. "ಮಧ್ಯಾಹ್ನ 3ಕ್ಕೆ ಗೋದಾಮಿನಿಂದ ಗಂಟು ತರುವಾಗ ಬಗಲಲ್ಲಿ ಹೊಲಿಗೆ ಬಿಚ್ಚಿತು" ಅಂತ ಬರೆದರೆ ಟೇಲರ್‌ಗೆ ಕೆಲಸ ಸಿಕ್ಕಿತು. ನನ್ನ ಕೌಂಟರಿನ ದಿನಗಳಲ್ಲಿ ನಾವು ಸೆರಗಿಗೆ ಹೆಗಲ ಮೇಲೆ ನಾಲ್ಕು ಪಿನ್ನು ಹಾಕುತ್ತಿದ್ದೆವು. ಮೇಲಿನ ಕಪಾಟಿನ ಸೀರೆ ತೆಗೆಯಲು ಕೈ ಎತ್ತಿದಾಗಲೆಲ್ಲ ಪಿನ್ನು ಜಗ್ಗಿ, ಕುಪ್ಪಸ ಹೆಗಲ ಹತ್ತಿರ ಜಾಳಾಗುತ್ತಿತ್ತು. ಆರು ತಿಂಗಳಿಗೆ ಅಲ್ಲಿ ಕಿರುಬೆರಳು ಹೋಗುವಷ್ಟು ತೂತು. ಅದನ್ನು ಯಾರೂ ಬರೆದಿಡಲಿಲ್ಲ. ಹೊಸ ಯೂನಿಫಾರ್ಮ್ ಬಂದಾಗಲೂ ಅದೇ ಬಟ್ಟೆ, ಅದೇ ಅಳತೆ.

ಮೈಮೇಲೆ ಆಗುವ ಗುರುತನ್ನೂ ಬರೆಯಿರಿ. ಕುತ್ತಿಗೆ ಸುತ್ತ ಬೆವರುಸಾಲೆ, ತೊಡೆಸಂದಿಯಲ್ಲಿ ಗಜಕರ್ಣ, ಹಿಮ್ಮಡಿಯಲ್ಲಿ ಬೊಬ್ಬೆ, ಸಂಜೆಗೆ ಕಾಲು ಬಾವು. ಇಲ್ಲೊಂದು ಎಚ್ಚರಿಕೆ. ಗಜಕರ್ಣಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿ ಯಾವುದೋ ಮುಲಾಮು ಹಚ್ಚಬೇಡಿ. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡು ದಿನ ತುರಿಕೆ ನಿಂತಂತೆ ಕಾಣುತ್ತದೆ, ಆಮೇಲೆ ಎರಡರಷ್ಟು ಹರಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಚೀಟಿ ಇಟ್ಟುಕೊಳ್ಳಿ. ಆ ಚೀಟಿ ಮುಂದೆ ನಿಮ್ಮ ಅರ್ಜಿಗೂ ಬೇಕಾಗುತ್ತದೆ.

2. ನಿಯಮ ಮಾಡಿದವರು ಯಾರು, ಪತ್ತೆ ಮಾಡಿ

ಒಂದೇ ಅಂಗಡಿ ಇದ್ದರೆ ಮಾಲಕರೇ. ನಾಲ್ಕೈದು ಊರಲ್ಲಿ ಶಾಖೆ ಇರುವ ಶೋರೂಮ್ ಆದರೆ ಮುಖ್ಯ ಕಚೇರಿ. ಅಂಥ ಕಡೆ ಮ್ಯಾನೇಜರ್ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಅವರೂ ಅದೇ ಟೈ ಕಟ್ಟಿಕೊಂಡು ನಿಂತಿರುತ್ತಾರೆ. ಅವರನ್ನು ನಿಮ್ಮ ಕಡೆ ಮಾಡಿಕೊಳ್ಳಿ.

ನೇಮಕಾತಿ ಪತ್ರದಲ್ಲಿ ಯೂನಿಫಾರ್ಮ್ ಬಗ್ಗೆ ಏನಿದೆ ಓದಿ. ಬಹಳ ಸಲ "ಸಂಸ್ಥೆ ಕೊಡುವ ಉಡುಪು ಧರಿಸಬೇಕು" ಅಂತ ಒಂದೇ ಸಾಲು ಇರುತ್ತದೆ. ಲಿಪ್‌ಸ್ಟಿಕ್ ಬಣ್ಣ, ಹಿಮ್ಮಡಿ ಎತ್ತರದ ಚಪ್ಪಲಿ, ಕೂದಲ ಬನ್ ಇವೆಲ್ಲ ಬಾಯಿಮಾತಿನಲ್ಲಿ ಸೇರಿಕೊಂಡ ನಿಯಮಗಳು. ಬರಹದಲ್ಲಿ ಇಲ್ಲದ್ದನ್ನು ಬದಲಿಸುವುದು ಸುಲಭ. ನೇಮಕಾತಿ ಪತ್ರವೇ ಕೊಟ್ಟಿಲ್ಲವಾದರೆ ಅದನ್ನೂ ಕೇಳಿ. ಅದನ್ನು ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ.

3. ಪಗಾರದಲ್ಲಿ ಏನು ಕಡಿತವಾಗಿದೆ, ಲೆಕ್ಕ ಹಾಕಿ

ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

2025ರ ನವೆಂಬರ್ 21ರಿಂದ ದೇಶದಲ್ಲಿ ವೇತನ ಸಂಹಿತೆ ಜಾರಿಯಲ್ಲಿದೆ. ಸಂಹಿತೆ ಎಂದರೆ ಹಳೆಯ ಹಲವು ಕಾಯ್ದೆಗಳನ್ನು ಕೂಡಿಸಿ ಮಾಡಿದ ಒಂದು ಕಾಯ್ದೆ. ಸಂಸತ್ತು ಇದನ್ನು ಪಾಸು ಮಾಡಿದ್ದು 2019ರಲ್ಲಿ. ಪಗಾರದಿಂದ ಯಾವ ಯಾವ ಕಾರಣಕ್ಕೆ ಹಣ ಮುರಿಯಬಹುದು ಅಂತ ಇದರಲ್ಲಿ ಒಂದು ಪಟ್ಟಿ ಇದೆ. ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೆ ಮುರಿಯುವ ಹಾಗಿಲ್ಲ. ಎಲ್ಲ ಕಡಿತ ಕೂಡಿಸಿದರೂ ಪಗಾರದ ಅರ್ಧ ದಾಟಬಾರದು.

ಈಗ ದಂಡದ ಮಾತು. "ಟೈ ಇಲ್ಲ, 100 ರೂಪಾಯಿ", "ಬೂಟು ಪಾಲಿಶ್ ಇಲ್ಲ, 50 ರೂಪಾಯಿ" ಅಂತ ಎಷ್ಟೋ ಕಡೆ ಹಾಜರಿ ಪುಸ್ತಕದ ಪಕ್ಕದಲ್ಲೇ ಬರೆಯುತ್ತಾರೆ. ಸಂಹಿತೆ ಹೇಳುವುದು ಹೀಗೆ. ಯಾವ ತಪ್ಪಿಗೆ ದಂಡ ಎಂದು ಸರ್ಕಾರದ ಒಪ್ಪಿಗೆ ಪಡೆದು, ನೋಟಿಸ್ ಹಚ್ಚಿರಬೇಕು. ದಂಡ ಹಾಕುವ ಮುಂಚೆ ನಿಮ್ಮ ಮಾತು ಕೇಳಬೇಕು. ಒಂದು ಪಗಾರದ ಅವಧಿಯಲ್ಲಿ ಒಟ್ಟು ದಂಡ ಆ ಪಗಾರದ 3% ಮೀರಬಾರದು. 12,000 ರೂಪಾಯಿ ಪಗಾರ ಇದ್ದರೆ ತಿಂಗಳಿಗೆ 360 ರೂಪಾಯಿ, ಅದೇ ಕೊನೆ. ಕಂತಿನಲ್ಲಿ ಮುರಿಯುವಂತಿಲ್ಲ, 90 ದಿನ ಕಳೆದ ಮೇಲೆ ಮುರಿಯುವಂತಿಲ್ಲ. ಆ ದಂಡದ ಹಣವನ್ನು ಕೆಲಸಗಾರರ ಒಳಿತಿಗೇ ಬಳಸಬೇಕು, ಮಾಲಕರ ಗಲ್ಲೆಗೆ ಸೇರಿಸುವಂತಿಲ್ಲ.

ಇನ್ನೊಂದು. ಕೆಲಸ ಬಿಟ್ಟಾಗ "ಯೂನಿಫಾರ್ಮ್ ತಂದುಕೊಡು, ಆಮೇಲೆ ನೋಡೋಣ" ಅಂತ ಬಾಕಿ ಪಗಾರ ತಿಂಗಳುಗಟ್ಟಲೆ ತಡೆಯುತ್ತಾರೆ. ರಾಜೀನಾಮೆ ಕೊಟ್ಟರೂ, ಅವರೇ ತೆಗೆದರೂ, ಎರಡು ಕೆಲಸದ ದಿನಗಳೊಳಗೆ ಬಾಕಿ ಕೊಡಬೇಕು. ನೀವೂ ನಿಮ್ಮ ಕಡೆಯಿಂದ ಸರಿಯಾಗಿರಿ. ಯೂನಿಫಾರ್ಮ್ ಒಗೆದು, ಮಡಿಚಿ, ಎಷ್ಟು ತುಂಡು ಅಂತ ಬರೆದ ಚೀಟಿಗೆ ಸಹಿ ಪಡೆದು ವಾಪಸ್ ಕೊಡಿ. ಚೀಟಿಯ ಫೋಟೋ ತೆಗೆದಿಡಿ.

ಇಲ್ಲಿ ಜನ ಮಾಡುವ ತಪ್ಪು: ಲೆಕ್ಕ ಗೊತ್ತಾದ ಕೂಡಲೇ ಅದನ್ನೇ ಎತ್ತಿಕೊಂಡು ಮಾಲಕರ ಹತ್ತಿರ ಹೋಗುವುದು. ಸದ್ಯಕ್ಕೆ ಸುಮ್ನೆ ನೋಟ್‌ಬುಕ್ಕಿನಲ್ಲಿ ತಾರೀಖು, ಮೊತ್ತ, ಹೇಳಿದ ಕಾರಣ ಬರೆದಿಡಿ. ಬಟ್ಟೆಯ ಮಾತು ಮೊದಲು, ಕಾಯ್ದೆಯ ಮಾತು ಆಮೇಲೆ.

4. ಈಗಿನ ಬಟ್ಟೆ ಯಾವುದು, ಬೇಕಾದದ್ದು ಯಾವುದು

ಬಿಚ್ಚಿದ ನೂಲಿನ ಎಳೆಗಳನ್ನು ಮನೆಯಲ್ಲಿ ಸ್ಟೀಲ್ ತಟ್ಟೆಯ ಮೇಲೆ ಚಿಮಟದಿಂದ ಹಿಡಿದು ಕಡ್ಡಿ ಗೀರಿ ಸುಡಿ. ಪಕ್ಕದಲ್ಲಿ ನೀರು ಇರಲಿ. ಬಟ್ಟೆ ಅಂಗಡಿಯೊಳಗೆ ಈ ಕೆಲಸ ಎಂದೂ ಬೇಡ.

ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಬೂದಿ ಉಳಿದರೆ ಹತ್ತಿ. ಕರಗಿ ಮುದ್ದೆಯಾಗಿ, ಆರಿದ ಮೇಲೆ ಕಪ್ಪು ಗಟ್ಟಿ ಮಣಿಯಂತೆ ಉಳಿದರೆ ಪಾಲಿಯೆಸ್ಟರ್. ಎರಡೂ ಸ್ವಲ್ಪ ಸ್ವಲ್ಪ ಕಂಡರೆ ಮಿಶ್ರ ನೂಲು, ನಮ್ಮ ಕಡೆ ಟೆರಿಕಾಟ್ ಅನ್ನುವುದು ಇದನ್ನೇ. ರೇಯಾನ್ ಕೂಡ ಹತ್ತಿಯಂತೆಯೇ ಉರಿಯುತ್ತದೆ. ಬಟ್ಟೆ ಜಾರುವಷ್ಟು ನುಣುಪಾಗಿದ್ದು ಹತ್ತಿಯಂತೆ ಉರಿದರೆ ರೇಯಾನ್ ಇರಬಹುದು ಅಂತ ಟೇಲರ್‌ಗೆ ತೋರಿಸಿ.

ವ್ಯತ್ಯಾಸ ಯಾಕೆ ಇಷ್ಟು ದೊಡ್ಡದು? ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8.5% ತೇವ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು 0.4% ಅಷ್ಟೇ. ಬೆವರು ನೂಲಿಗೆ ಇಳಿಯದೆ ಮೈಗೇ ಅಂಟಿಕೊಂಡು ಕೂರುತ್ತದೆ. ಕಾಲರಿನ ಒಳಗೆ ಬಿಳಿ ಉಪ್ಪಿನ ಗೆರೆ ಕಾಣುತ್ತದಲ್ಲ, ಬೆವರು ಒಣಗಿ ಉಳಿದ ಉಪ್ಪು ಅದು. ದಿನಾ ಅದೇ ಜಾಗ ಚರ್ಮಕ್ಕೆ ತಿಕ್ಕುತ್ತದೆ.

ಹಾಗಂತ ಎಲ್ಲ ಊರಿಗೂ ಹತ್ತಿಯೇ ಉತ್ತರ ಅಂತ ನಾನು ಹೇಳುವುದಿಲ್ಲ. ಈ ವಿಷಯದಲ್ಲಿ ಊರು ನೋಡಬೇಕು.

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಇಲ್ಲಿ ಹತ್ತಿಯೇ ಆಗಬೇಕು, ತೆಳು ಬಣ್ಣವೇ ಆಗಬೇಕು. ಕಲಬುರಗಿ ವಿಭಾಗದ ಜಿಲ್ಲೆಗಳ ಜತೆ ಈ ಎರಡು ಜಿಲ್ಲೆಗಳ ಸರ್ಕಾರಿ ಕಚೇರಿ ವೇಳೆಯನ್ನೂ ಸರ್ಕಾರ ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುತ್ತಾ ಬಂದಿದೆ. ಮಾಲಕರ ಎದುರು ಇದನ್ನು ತಪ್ಪದೆ ಹೇಳಿ. ಬಿಸಿಲು ನೋಡಿ ಸರ್ಕಾರವೇ ಕಚೇರಿ ವೇಳೆ ಬದಲಿಸುವ ಊರಲ್ಲಿ ಕಪ್ಪು ಬ್ಲೇಜರ್ ಹಾಕಿ ಬಾಗಿಲಲ್ಲಿ ನಿಲ್ಲಿಸುವುದು ಸರಿಯಲ್ಲ, ಅಲ್ವಾ?

ಬೆಳಗಾವಿಯ ಕಥೆ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ದಪ್ಪ ಹತ್ತಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಹಸಿ ಬಟ್ಟೆ ತೊಟ್ಟರೆ ಗಜಕರ್ಣ ಕರೆದು ತಂದಂತೆ. ಇಲ್ಲಿಗೆ ಹತ್ತಿ ಜಾಸ್ತಿ ಇರುವ ಟೆರಿಕಾಟ್ ಒಳ್ಳೆಯದು, ಅಥವಾ ತೆಳು ಹತ್ತಿಯದೇ ಮೂರು ಜೋಡಿ. ಮುಖ್ಯ ಕಚೇರಿಯವರು ಎಲ್ಲ ಊರಿಗೂ ಒಂದೇ ಥಾನಿನ ಬಟ್ಟೆ ಕಳಿಸುವುದೇ ಅರ್ಧ ಸಮಸ್ಯೆ. "ಬಣ್ಣ, ಲೋಗೋ ನೀವು ಹೇಳಿದ್ದೇ ಇರಲಿ, ಬಟ್ಟೆ ಮಾತ್ರ ಊರಿಗೆ ತಕ್ಕಂತೆ ಇರಲಿ" ಅಂತ ಕೇಳಿದರೆ ಅವರಿಗೂ ಒಪ್ಪುವುದು ಸುಲಭ.

ಅಂಗಡಿಗೆ ಒಂದು ಚಂದ ಬೇಕು, ಗುರುತು ಬೇಕು ಅನ್ನುವುದು ನ್ಯಾಯವಾದ ಮಾತು. ಅದಕ್ಕೆ ನನ್ನ ಸಲಹೆ ಇದೆ. ಸಾದಾ ಹತ್ತಿ ಬಟ್ಟೆಗೆ ಗುಳೇದಗುಡ್ಡದ ಖಣದ ಪಟ್ಟಿ ಹಚ್ಚಿ, ಕಾಲರಿಗೋ ತೋಳಿನ ಅಂಚಿಗೋ ಎರಡು ಇಂಚು ಸಾಕು. ಖಣ ಎಂದರೆ ಇಳಕಲ್ ಸೀರೆಯ ಜತೆ ತೊಡುವ ಕುಪ್ಪಸದ ಬಟ್ಟೆ. ನಮ್ಮ ಮೂರೂ ಜಿಲ್ಲೆಯಲ್ಲಿ ಅದನ್ನು ನೋಡಿದ ಕೂಡಲೇ ಗಿರಾಕಿ ಗುರುತು ಹಿಡಿಯುತ್ತಾರೆ. ಇಡೀ ಕುಪ್ಪಸವನ್ನೇ ಖಣದಲ್ಲಿ ಹೊಲಿಸಬೇಡಿ. ಈಗ ಬಹಳಷ್ಟು ಖಣ ಕೃತಕ ನೂಲಿನಲ್ಲೇ ಬರುತ್ತದೆ, ಬೇಸಿಗೆಯಲ್ಲಿ ಬೇಯುತ್ತದೆ.

ಬಟ್ಟೆ ಒಪ್ಪಿಗೆ ಆಗುವ ಮೊದಲು ಎರಡು ಪರೀಕ್ಷೆ ಮಾಡಿ. ಹಸಿ ಬಿಳಿ ಕರವಸ್ತ್ರದಿಂದ ಗಟ್ಟಿಯಾಗಿ ತಿಕ್ಕಿ ಬಣ್ಣ ಬಿಡುತ್ತದಾ ನೋಡಿ. ಹತ್ತಿಯಾದರೆ ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಬೇಕು. ಇದನ್ನು ಬಿಟ್ಟರೆ ಮೊದಲ ಒಗೆತಕ್ಕೇ ಬಗಲು ಬಿಗಿಯಾಗುತ್ತದೆ, ಬೈಗುಳ ಟೇಲರ್‌ಗೆ.

5. ಹೊಲಿಗೆಯಲ್ಲಿ ಏನು ಬದಲಾಗಬೇಕು, ಪಟ್ಟಿ ಮಾಡಿ

ಯೂನಿಫಾರ್ಮ್ ಪೂರ್ತಿ ಬದಲಿಸಲು ಒಪ್ಪದಿದ್ದರೂ ಈ ಸಣ್ಣ ಬದಲಾವಣೆಗಳಿಗೆ ಮಾಲಕರು ಬೇಗ ಒಪ್ಪುತ್ತಾರೆ.

ಬಗಲು: ಕೈ ಎತ್ತಿ ಕೆಲಸ ಮಾಡುವವರಿಗೆ ಬಗಲಲ್ಲಿ ಚೌಕಾಕಾರದ ಸಣ್ಣ ತುಂಡು ಸೇರಿಸಿ ಹೊಲಿಯಬಹುದು. ಅಂಗೈ ಅಗಲದ ಬಟ್ಟೆ ಸಾಕು, ಹೊರಗೆ ಕಾಣುವುದೂ ಇಲ್ಲ. ಅಂಗಿ ಮೇಲೆ ಜಗ್ಗುವುದಿಲ್ಲ, ಸೊಂಟ ಕಾಣುವುದಿಲ್ಲ.

ಕಿಸೆ: ಹೆಣ್ಣುಮಕ್ಕಳ ಕುರ್ತಾಕ್ಕೆ ಬಕ್ಕಣ ಇಡುವುದೇ ಇಲ್ಲ. ಪೆನ್ನು, ಅಳತೆ ಟೇಪು, ಬಿಲ್ ಚೀಟಿ, ಗೋದಾಮಿನ ಕೀಲಿ ಎಲ್ಲಿಡಬೇಕು? ಬದಿಯ ಹೊಲಿಗೆಯಲ್ಲಿ ಎರಡೂ ಕಡೆ ಕಿಸೆ ಕೇಳಿ. ಕೈ ಮಣಿಕಟ್ಟಿನವರೆಗೆ ಇಳಿಯುವಷ್ಟು ಆಳ ಇರಲಿ. ಕಳ್ಳತನದ ಭಯ ಅಂತ ಕೆಲವರು ಕಿಸೆ ಬೇಡ ಅನ್ನುತ್ತಾರೆ. ಹಾಗಾದರೆ ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ತೆರೆದ ಕಿಸೆ ಕೇಳಿ.

ಸೀರೆ: ಗಾದಿಯ ಮೇಲೆ ಕುಳಿತು ಸೀರೆ ತೋರಿಸುವ ಹಳೆಯ ಅಂಗಡಿಯಲ್ಲಿ ಸೀರೆ ಉಟ್ಟು ಕೆಲಸ ಮಾಡುವುದು ಕಷ್ಟವಲ್ಲ. ಏಣಿ ಹತ್ತಿ ಮೇಲಿನ ಕಪಾಟು ತಡಕುವ ಶೋರೂಮಿನಲ್ಲಿ ಅದೇ ಸೀರೆ ಅಪಾಯ. ನೆರಿಗೆ ಕಾಲಿಗೆ ಸಿಕ್ಕು ಬಿದ್ದವರನ್ನು ನಾನು ನೋಡಿದ್ದೇನೆ. ಏಣಿ ಕೆಲಸ ಇರುವವರಿಗೆ ಅದೇ ಬಣ್ಣದ ಕುರ್ತಾ-ಪ್ಯಾಂಟು ಕೇಳಿ. ಸೀರೆಯೇ ಆಗಬೇಕೆಂದರೆ ಹತ್ತಿ ಸೀರೆ ಕೇಳಿ, ರಬಕವಿ-ಬನಹಟ್ಟಿ ಮಗ್ಗದವು ನಮ್ಮ ಹತ್ತಿರವೇ ಸಿಗುತ್ತವೆ. ಪಾದದ ಗಂಟಿನ ಮೇಲೆ ನಿಲ್ಲುವಂತೆ ಉಡಲು ಒಪ್ಪಿಗೆ ಪಡೆಯಿರಿ. ಪಿನ್ನು ಕುಪ್ಪಸ ಹರಿಯದಂತೆ ಹೆಗಲಲ್ಲಿ ಒಳಗಡೆ ಎರಡು ಮಡಿಕೆ ಪಟ್ಟಿ ಇಟ್ಟು ಹೊಲಿಸಿ.

ದುಪಟ್ಟಾ: ಎಸ್ಕಲೇಟರ್, ಟ್ರಾಲಿ, ಹಿಟ್ಟಿನ ಗಿರಣಿ ಇರುವ ಕಡೆ ಇಳಿಬಿಟ್ಟ ದುಪಟ್ಟಾ ಬೇಡವೇ ಬೇಡ. ಯೂನಿಫಾರ್ಮ್‌ನಲ್ಲೇ ಸ್ಕೂಟಿಯಲ್ಲಿ ಹಿಂದೆ ಕೂತು ಬರುವವರಂತೂ ಬಹಳ ಜೋಪಾನ, ಚಕ್ರಕ್ಕೆ ಸಿಕ್ಕರೆ ಪ್ರಾಣಕ್ಕೇ ಕುತ್ತು. ದುಪಟ್ಟಾದ ಬದಲು ಮೇಲಂಗಿ, ಅಂದರೆ ಗುಂಡಿ ಇರುವ ತೋಳಿಲ್ಲದ ಗಿಡ್ಡ ಜಾಕೆಟ್, ಚೆನ್ನಾಗಿ ಕಾಣುತ್ತದೆ. ಮೈ ಮುಚ್ಚುತ್ತದೆ, ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ.

ಟೈ: ಗಂಟು ಹೊರುವ ಹುಡುಗರಿಗೆ ಟೈ ಯಾಕೆ ಅಂತ ನನಗೆ ಇಂದಿಗೂ ಅರ್ಥವಾಗಿಲ್ಲ. ಬಿಲ್ಲಿಂಗ್‌ನವರಿಗೆ ಇರಲಿ, ಗೋದಾಮಿನವರಿಗೆ ಬೇಡ ಅಂತ ಕೇಳಿ.

ಹೆಸರಿನ ಪಟ್ಟಿ: ಎದೆಯ ಮೇಲೆ ಅಡ್ಡಹೆಸರು ಸಮೇತ ಪೂರ್ತಿ ಹೆಸರು ಹಾಕಿದರೆ ಫೋನಿನಲ್ಲಿ ಹುಡುಕಿ ಕಾಡುವ ಗಿರಾಕಿಗಳು ಇದ್ದಾರೆ. ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಮೊದಲ ಹೆಸರು ಅಥವಾ ನಂಬರ್ ಮಾತ್ರ ಸಾಕು ಅಂತ ಹೇಳಿ.

ಅಳತೆ ತೆಗೆಸುವಾಗ ಒಂದು ಮಾತು. ಹೆಣ್ಣುಮಕ್ಕಳ ಅಳತೆಯನ್ನು ಹೆಣ್ಣುಮಕ್ಕಳೇ ತೆಗೆಯಬೇಕು, ಇಲ್ಲವೇ ಮನೆಯಿಂದ ಸರಿಯಾಗಿ ಕೂರುವ ಅಂಗಿ ಅಳತೆಗೆ ಕೊಡಬೇಕು. ಬಿಗಿ ಮಾಡಿಸು, ಕುತ್ತಿಗೆ ಇಳಿಸು ಅಂತ ಯಾರಾದರೂ ಹೇಳಿದರೆ, ಮೈ ಬಗ್ಗೆ ಮಾತಾಡಿದರೆ, ಅದು ಯೂನಿಫಾರ್ಮ್ ವಿಷಯ ಅಂತ ಬಿಡಬೇಡಿ. ಅದು ಲೈಂಗಿಕ ಕಿರುಕುಳ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಸಣ್ಣ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಬರೆದು ಕೊಡಿ.

6. ಕಾಲಿನ ವಿಷಯ: ಬೂಟು ಮತ್ತು ಸ್ಟೂಲು

ಬೂಟು ಅಂಗಡಿಯವರೇ ಕೊಡಿಸುವುದಾದರೆ ಸಂಜೆ ಹೊತ್ತಿಗೆ ಅಳತೆ ಕೊಡಿ. ದಿನವಿಡೀ ನಿಂತ ಕಾಲು ಸಂಜೆಗೆ ಊದಿರುತ್ತದೆ, ಬೆಳಿಗ್ಗೆಯ ಅಳತೆ ಸುಳ್ಳು. ಹೆಬ್ಬೆರಳ ಮುಂದೆ ಅರ್ಧ ಇಂಚು ಜಾಗ ಇರಲಿ. ಹಿಮ್ಮಡಿ ಒಂದು ಇಂಚಿಗಿಂತ ಎತ್ತರ ಬೇಡ. ಎತ್ತರದ ಹಿಮ್ಮಡಿ ಕಡ್ಡಾಯ ಮಾಡಬಾರದೆಂದು ಫಿಲಿಪ್ಪೀನ್ಸ್ ದೇಶ 2017ರಲ್ಲೇ ಅಂಗಡಿ ಕೆಲಸಗಾರರಿಗಾಗಿ ಆದೇಶ ಮಾಡಿದೆ. ಕಾಲಲ್ಲಿ ನರ ಉಬ್ಬಿದ್ದರೆ ಬಿಗಿ ಕಾಲುಚೀಲ ನೀವಾಗಿಯೇ ತಂದು ಹಾಕಬೇಡಿ, ಡಾಕ್ಟರ್ ಹೇಳಿದ ಅಳತೆಯದು ಬೇಕು.

ಎಂಥ ಬೂಟು ಕೊಟ್ಟರೂ ಒಂಬತ್ತು ತಾಸು ನಿಲ್ಲುವುದಕ್ಕೆ ಅದು ಪರಿಹಾರವಲ್ಲ. ಸ್ಟೂಲು ಕೇಳಿ. ಕೇರಳದಲ್ಲಿ ಕೋಳಿಕ್ಕೋಡಿನ ವಿಜಿ ಪೆನ್‌ಕೂಟ್ಟು ಮತ್ತು ಅವರ ಜತೆಗಾರ್ತಿಯರು ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಅಲ್ಲಿನ ಕಾಯ್ದೆಗೆ ತಿದ್ದುಪಡಿ ಆಯಿತು. 2021ರಲ್ಲಿ ತಮಿಳುನಾಡೂ ಹಾಗೇ ಮಾಡಿತು. ಈಗ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೂ ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಇರಬೇಕು ಅನ್ನುತ್ತದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗಕ್ಕೆ ಇದು ಅನ್ವಯ.

ನಿಮ್ಮಲ್ಲಿ ಯಾರಾದರೂ ಬಸುರಿ ಇದ್ದರೆ ಅವರ ಮಾತು ಮೊದಲು ಎತ್ತಿ. ಹಳೆಯ ಹೆರಿಗೆ ಸೌಲಭ್ಯದ ಕಾಯ್ದೆ ಈಗ ಸೇರಿಹೋಗಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಹೆರಿಗೆಗೆ ಮುಂಚಿನ ಆರು ವಾರಕ್ಕಿಂತ ಹಿಂದಿನ ಒಂದು ತಿಂಗಳು, ಅವರು ಕೇಳಿಕೊಂಡರೆ ಬಹಳ ಹೊತ್ತು ನಿಲ್ಲುವ ಕೆಲಸ ಕೊಡುವಂತಿಲ್ಲ ಎಂದಿದೆ. ಯೂನಿಫಾರ್ಮ್ ಸಡಿಲ ಮಾಡಿಸಿಕೊಡಿ ಅಂತ ನಾಲ್ಕನೇ ತಿಂಗಳಲ್ಲೇ ಹೇಳಿ, ಬಿಗಿ ಲಾಡಿಯಲ್ಲಿ ಒದ್ದಾಡುವ ತನಕ ಕಾಯಬೇಡಿ.

7. ಒಂದು ಮಾದರಿ ಹೊಲಿಸಿ, ಕೂಡಿ ಹೋಗಿ

ಈ ಒಂದು ಹಂತ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಐದಾರು ಜನ ದುಡ್ಡು ಹಾಕಿ ಒಂದೇ ಒಂದು ಮಾದರಿ ಅಂಗಿ ಹೊಲಿಸಿ. 58 ಇಂಚು ಪನ್ನದ ಬಟ್ಟೆಯಾದರೆ ತುಂಬುತೋಳಿನ ಶರ್ಟಿಗೆ ಸುಮಾರು 1.6 ಮೀಟರ್ ಬೇಕು, 36 ಇಂಚು ಪನ್ನವಾದರೆ ಸುಮಾರು ಎರಡೂಕಾಲು ಮೀಟರ್. ಪನ್ನ ಎಂದರೆ ಬಟ್ಟೆಯ ಅಗಲ. 44 ಇಂಚಿನ ಬಟ್ಟೆಯಲ್ಲಿ ಕುರ್ತಾಕ್ಕೆ ಎರಡೂವರೆ ಮೀಟರ್ ಹಿಡಿಯಿರಿ. ಟೇಲರ್ ಹತ್ತಿರ ಒಟ್ಟು ಜನಕ್ಕೆ, ಒಬ್ಬೊಬ್ಬರಿಗೆ ಎರಡೆರಡು ಜೋಡಿಯಂತೆ, ಬಟ್ಟೆ ಮತ್ತು ಹೊಲಿಗೆ ಬೇರೆ ಬೇರೆ ಬರೆದ ಚೀಟಿ ಪಡೆಯಿರಿ.

ಆ ಮಾದರಿಯನ್ನು ನಿಮ್ಮಲ್ಲಿ ಒಬ್ಬರು ತೊಟ್ಟು ತೋರಿಸಿ. ಹಳೆಯದನ್ನು ಇನ್ನೊಬ್ಬರು ತೊಟ್ಟಿರಲಿ. ಇಬ್ಬರೂ ಮೇಲಿನ ಕಪಾಟಿಗೆ ಕೈ ಎತ್ತಲಿ. ಮಾಲಕರು ಕಣ್ಣಾರೆ ನೋಡುತ್ತಾರೆ, ವಾದ ಬೇಕಾಗುವುದಿಲ್ಲ.

ಹೊತ್ತು ನೋಡಿ ಹೋಗಿ. ದಸರಾ, ದೀಪಾವಳಿ, ಮದುವೆ ಸೀಸನ್ ಗದ್ದಲದಲ್ಲಿ ಬೇಡ. ಹೊಸ ಯೂನಿಫಾರ್ಮ್ ಹೊಲಿಸುವ ತಿಂಗಳಿಗೆ ಎರಡು ತಿಂಗಳು ಮುಂಚೆ, ಬೆಳಿಗ್ಗೆ ಗಿರಾಕಿ ಕಡಿಮೆ ಇರುವಾಗ. ಹಿರಿಯ ಕೆಲಸಗಾರರೊಬ್ಬರು ಮಾತು ತೆಗೆಯಲಿ: "ಸಾವುಕಾರ್ರ, ಒಂದ್ ಮಾತ್ ಇತ್ರಿ. ನಾವೆಲ್ಲಾ ಕೂಡಿ ಒಂದ್ ಸ್ಯಾಂಪಲ್ ಹೊಲಿಸೇವ್ರಿ, ಒಮ್ಮೆ ನೋಡ್ರಿ."

ಒಬ್ಬರೇ ಹೋಗಬೇಡಿ ಎಂದಿದ್ದು ಇದಕ್ಕೇ. ಒಬ್ಬರು ಹೋದರೆ "ಇವಳದು ಯಾವಾಗಲೂ ತಕರಾರು" ಅನ್ನುವ ಹೆಸರು ಬೀಳುತ್ತದೆ. ಐದು ಜನ ಹೋದರೆ ಅದು ಅಂಗಡಿಯ ಮಾತಾಗುತ್ತದೆ. ಗಂಡಸರು, ಹೆಂಗಸರು ಇಬ್ಬರೂ ಇರಲಿ.

8. ಬರವಣಿಗೆಯಲ್ಲಿ ಕೊಡಿ

ಬಾಯಲ್ಲಿ "ಆಯ್ತು ನೋಡೋಣ" ಅಂದರೆ ಅದೇ ವಾರ ಒಂದು ಪುಟದ ಪತ್ರ ಕೊಡಿ. ಹೀಗೆ ಬರೆಯಬಹುದು:

"ಮಾನ್ಯರೇ, ನಾವು ಕೆಳಗೆ ಸಹಿ ಮಾಡಿದ ಸಿಬ್ಬಂದಿ. ಈಗಿನ ಯೂನಿಫಾರ್ಮ್ ಪಾಲಿಯೆಸ್ಟರ್ ಬಟ್ಟೆಯದ್ದಾಗಿದ್ದು, ಬೇಸಿಗೆಯಲ್ಲಿ ಚರ್ಮದ ತೊಂದರೆ ಆಗುತ್ತಿದೆ. ಏಣಿ ಹತ್ತುವಾಗ ಸೀರೆ ಕಾಲಿಗೆ ಸಿಗುತ್ತಿದೆ. ಆದ್ದರಿಂದ 1) ಹತ್ತಿ ಬಟ್ಟೆ, 2) ಏಣಿ ಕೆಲಸದವರಿಗೆ ಕುರ್ತಾ-ಪ್ಯಾಂಟು, 3) ಕೌಂಟರಿಗೆ ಒಂದು ಸ್ಟೂಲು, ಇವನ್ನು ಒದಗಿಸಬೇಕೆಂದು ಕೋರುತ್ತೇವೆ. ಬಣ್ಣ ಮತ್ತು ಲೋಗೋ ಈಗಿನಂತೆಯೇ ಇರಲಿ. ಖರ್ಚಿನ ಚೀಟಿ ಜತೆಗಿದೆ."

ಮೂರಕ್ಕಿಂತ ಜಾಸ್ತಿ ಬೇಡಿಕೆ ಬರೆಯಬೇಡಿ. ಪಗಾರ ಹೆಚ್ಚಳ, ಸೂಟಿ, ಬೋನಸ್ ಇದರಲ್ಲಿ ಸೇರಿಸಬೇಡಿ, ಯೂನಿಫಾರ್ಮ್ ವಿಷಯ ಅಲ್ಲಿಯೇ ಮುಳುಗಿಹೋಗುತ್ತದೆ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ "ತಲುಪಿದೆ" ಅಂತ ಸಹಿ, ತಾರೀಖು ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಪತ್ರದ ಫೋಟೋವನ್ನು ಮ್ಯಾನೇಜರ್ ವಾಟ್ಸ್ಆ್ಯಪ್‌ಗೆ ಕಳಿಸಿ.

9. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ

ಮತ್ತೊಮ್ಮೆ ನೆನಪಿಸಿ. ಆಗಲೂ ಇಲ್ಲವಾದರೆ ಕಾರ್ಮಿಕ ಇಲಾಖೆಯ ಬಾಗಿಲು ಇದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ, ಅಂದರೆ ಲೇಬರ್ ಇನ್‌ಸ್ಪೆಕ್ಟರ್‌ಗೆ, ಅರ್ಜಿ ಕೊಡಿ. ಒಂದು ಮಾತು ತಿಳಿದಿರಲಿ: ಬಟ್ಟೆಯ ಬಣ್ಣ, ನಮೂನೆ ಅವರ ಕೈಯಲ್ಲಿ ಇಲ್ಲ. ಅವರು ನೋಡುವುದು ಪಗಾರ ಕಡಿತ, ದಂಡ, ಕೆಲಸದ ತಾಸು, ಕೂರುವ ವ್ಯವಸ್ಥೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ವಾರಕ್ಕೆ ಒಂದು ಸೂಟಿ ಕೊಡಲೇಬೇಕು, ನಡುವೆ ವಿರಾಮ ಕೊಡಲೇಬೇಕು. ಆದ್ದರಿಂದ 3ನೇ ಹಂತದಲ್ಲಿ ಬರೆದಿಟ್ಟ ಲೆಕ್ಕವನ್ನು ಈಗ ಹೊರಗೆ ತೆಗೆಯಿರಿ, ಅರ್ಜಿಗೆ ಅದೇ ಬಲ.

ವಕೀಲರ ಸಲಹೆ ಬೇಕಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ಅಂಗಡಿಯೊಳಗಿನ ಫೋಟೋ, ಮಾಲಕರ ಮಾತು ರೆಕಾರ್ಡ್ ಮಾಡಿ ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಎರಡು ದಿನ ಜನ ಅಯ್ಯೋ ಅನ್ನುತ್ತಾರೆ. ಆಮೇಲೆ ಕೆಲಸ ಹೋಗುವುದು ನಿಮ್ಮದೇ.

10. ಒಪ್ಪಿಗೆ ಸಿಕ್ಕ ಮೇಲೆ

ಸಿಕ್ಕಿತು ಅಂತ ಅಲ್ಲಿಗೇ ಬಿಡಬೇಡಿ. ಎಲ್ಲರದ್ದೂ ಒಟ್ಟಿಗೆ ಹೊಲಿಸುವ ಮೊದಲು ಒಂದು ಜೋಡಿ ತೊಟ್ಟು, ಒಗೆದು, ಮತ್ತೆ ತೊಟ್ಟು ನೋಡಿ. ಒಳಹೊಲಿಗೆಯಲ್ಲಿ ಒಂದು ಇಂಚು ಬಟ್ಟೆ ಉಳಿಸಲು ಟೇಲರ್‌ಗೆ ಹೇಳಿ, ಮೈ ಹೆಚ್ಚು ಕಡಿಮೆಯಾದರೆ ಬಿಚ್ಚಿ ಸರಿಮಾಡಬಹುದು. ಗುಂಡಿಯನ್ನು ಕೈಯಿಂದ ಹೊಲಿಸಿದರೆ ಬೇಗ ಬೀಳುವುದಿಲ್ಲ. ಉಳಿದ ತುಂಡು ಬಟ್ಟೆಯನ್ನು ಥಾನಿನ ನಂಬರ್ ಬರೆದ ಚೀಟಿಯ ಜತೆ ಪಿನ್ನು ಮಾಡಿ ಅಂಗಡಿಯಲ್ಲೇ ಇಡಿ. ಮುಂದಿನ ವರ್ಷ ಹೊಸದಾಗಿ ಸೇರಿದ ಹುಡುಗಿಗೆ ಮತ್ತೆ ಪಾಲಿಯೆಸ್ಟರ್ ಕೊಡಲು ಬಂದರೆ, ಆ ಚೀಟಿ ತೆಗೆದು ಮ್ಯಾನೇಜರ್ ಕೈಗೆ ಕೊಡಿ.